ಎಂಟು ತಿಂಗಳ ಮಗುವಿಗೆ ಡೈಪರ್ ರ‍್ಯಾಶ್, ತೊಡೆ ಸಂದಿಗೂ ಹರಡಿದೆ. ಯಾವ ಕ್ರೀಮ್, ಬಟ್ಟೆಯಾ ಡೈಪರ್‌ಆ?

ತುಂಗಾತೀರ:

ಮಗಳಿಗೆ ಎಂಟು ತಿಂಗಳು, ತೂಕ 7.8 ಕೆಜಿ. ಕಿವಿ ಸೋಂಕಿಗೆ ಡಾಕ್ಟರ್ ಆಂಟಿಬಯಾಟಿಕ್ ಸಿರಪ್ ಬರೆದುಕೊಟ್ಟಿದ್ದರು. ಅದು ಶುರುವಾದಾಗಿನಿಂದ ದಿನಕ್ಕೆ ಐದಾರು ಸಲ ತೆಳ್ಳಗೆ ಕಕ್ಕ ಮಾಡ್ತಿದ್ದಾಳೆ. ಮೊದಲು ಕುಂಡೆ ಮೇಲೆ ಮಾತ್ರ ಕೆಂಪಗಿತ್ತು. ಈಗ ನಾಲ್ಕೈದು ದಿನದಿಂದ ತೊಡೆ ಸಂದಿಯೊಳಗೂ ಕಡುಕೆಂಪು, ಅಂಚಿನಲ್ಲಿ ಚರ್ಮ ಸ್ವಲ್ಪ ಸುಲೀತಿದೆ, ಅಂಚಿನಾಚೆ ಸಣ್ಣ ಸಣ್ಣ ಕೆಂಪು ಗುಳ್ಳೆ ಬಿಡಿಬಿಡಿಯಾಗಿ ಎದ್ದಿವೆ. ಒರೆಸಿದರೆ ಚೀರಿ ಅಳ್ತಾಳೆ. ಜ್ವರ ಇಲ್ಲ, ಹಾಲು ಕುಡೀತಾಳೆ, ಆಟ ಆಡ್ತಾಳೆ.

ಸದ್ಯಕ್ಕೆ ಕೊಬ್ಬರಿ ಎಣ್ಣೆ ಸವರಿ ಮೇಲೆ ಬೇಬಿ ಪೌಡರ್ ಹಾಕ್ತಿದ್ದೇವೆ. ಹಗಲು ಬಟ್ಟೆ ಲಂಗೋಟಿ, ರಾತ್ರಿ ಡೈಪರ್. ನಾವಿರೋದು ತೀರ್ಥಹಳ್ಳಿ ಕಡೆ, ಮಳೆ ಬಿಡ್ತಾ ಇಲ್ಲ, ಲಂಗೋಟಿ ಸರಿಯಾಗಿ ಒಣಗೋದೇ ಇಲ್ಲ. ಮೆಡಿಕಲ್ ಶಾಪ್‌ನಲ್ಲಿ ಒಂದು ಟ್ಯೂಬ್ ಕೊಟ್ಟಿದ್ದಾರೆ, ಅದರ ಮೇಲೆ ಬೆಕ್ಲೋಮೆಥಸೋನ್, ಕ್ಲೋಟ್ರಿಮಝೋಲ್, ನಿಯೋಮೈಸಿನ್ ಅಂತ ಮೂರು ಹೆಸರಿದೆ. ಇನ್ನೂ ಹಚ್ಚಿಲ್ಲ. ಹಚ್ಚಬಹುದಾ? ವಾಸಿಯಾಗೋವರೆಗೆ ಬಟ್ಟೆ ಒಳ್ಳೇದಾ ಡೈಪರ್ ಒಳ್ಳೇದಾ?

ಮಕ್ಕಳವಾರ್ಡ್ ಸಿಸ್ಟರ್:

ಆ ಟ್ಯೂಬ್ ಹಚ್ಚಬೇಡಿ. ಪೌಡರನ್ನೂ ಇವತ್ತೇ ನಿಲ್ಲಿಸಿ. ಯಾಕೆ ಅಂತ ಗೊತ್ತಾಗಬೇಕಾದರೆ ಇದು ಯಾವ ರ‍್ಯಾಶ್ ಅನ್ನೋದು ಮೊದಲು ತಿಳೀಬೇಕು.

ಬರೀ ತೇವ, ತಿಕ್ಕಾಟದಿಂದ ಬರುವ ರ‍್ಯಾಶ್ ಡೈಪರ್ ಒತ್ತುವ ಉಬ್ಬಿದ ಜಾಗಗಳಲ್ಲಿ ಕಾಣಿಸಿಕೊಳ್ಳುತ್ತೆ: ಕುಂಡೆ, ಕೆಳಹೊಟ್ಟೆ, ತೊಡೆಯ ಮೇಲ್ಭಾಗ. ಸಂದಿ ಬಿಡಿಸಿ ನೋಡಿದರೆ ಒಳಗಿನ ಚರ್ಮ ಚೆನ್ನಾಗೇ ಇರುತ್ತೆ. ಸಂದಿಯೊಳಗೇ ಕಡುಕೆಂಪಾಗಿ, ಅಂಚಿನಾಚೆ ಬಿಡಿ ಗುಳ್ಳೆಗಳು ಎದ್ದಿದ್ದರೆ ಅದು ಹೆಚ್ಚಾಗಿ ಕ್ಯಾಂಡಿಡಾ ಅನ್ನುವ ಶಿಲೀಂಧ್ರ, ಅಂದರೆ ಫಂಗಸ್. ಮಾಮೂಲಿ ರ‍್ಯಾಶ್ ಮೂರು ದಿನ ದಾಟಿದರೆ ಅದರ ಮೇಲೆ ಕ್ಯಾಂಡಿಡಾ ಬಂದು ಕೂರೋದು ಸಾಮಾನ್ಯ. ಆಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕಡಿಮೆ ಮಾಡುವುದರಿಂದ ಆ ಜಾಗವನ್ನು ಫಂಗಸ್ ಹಿಡಿಯುತ್ತೆ. ನಿಮ್ಮ ವಿವರಣೆ ಇದಕ್ಕೇ ಹೊಂದುತ್ತೆ, ಆದರೂ ಡಾಕ್ಟರ್ ಕಣ್ಣಲ್ಲಿ ನೋಡಿಯೇ ಹೇಳಬೇಕು. ಮೈಬಣ್ಣ ಕಪ್ಪಿರುವ ಮಕ್ಕಳಲ್ಲಿ ಇದು ಕೆಂಪಿಗಿಂತ ಕಂದು ಅಥವಾ ನೇರಳೆ ಛಾಯೆಯಲ್ಲಿ ಕಾಣಬಹುದು. ಹಾಗಾಗಿ ಬಣ್ಣ ಒಂದನ್ನೇ ನೋಡದೆ ಸಂದಿ, ಗುಳ್ಳೆ ಎರಡನ್ನೂ ಗಮನಿಸಿ. ಬಾಯಿ ತೆರೆಸಿ ಕೆನ್ನೆಯ ಒಳಬದಿ, ನಾಲಿಗೆ ನೋಡಿ. ಒದ್ದೆ ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಪದರ ಇದ್ದರೆ ಅದೂ ಕ್ಯಾಂಡಿಡಾನೇ. ಆಗ ಬಾಯಿಗೂ ಔಷಧಿ ಬೇಕು. ಎದೆಹಾಲು ಕುಡಿಸುವಾಗ ನಿಮಗೆ ತೊಟ್ಟು ಉರೀತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ತಾಯಿ ಮಗು ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗದಿದ್ದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಾ ಇರುತ್ತೆ.

ಚರ್ಮ ಹಾಳಾಗೋದು ಹೀಗೆ. ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಉಚ್ಚೆಯಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಸ್ವಲ್ಪ ಆಮ್ಲೀಯವಾಗಿ ಇರಬೇಕಾದ ಚರ್ಮ ಕ್ಷಾರದ ಕಡೆ ವಾಲುತ್ತೆ. ಮಲದಲ್ಲಿರುವ ಪ್ರೋಟೀನು, ಕೊಬ್ಬು ಜೀರ್ಣಿಸುವ ಕಿಣ್ವಗಳು ಆ ವಾತಾವರಣದಲ್ಲಿ ಚುರುಕಾಗಿ ಚರ್ಮವನ್ನೇ ಕೊರೆಯುತ್ತವೆ. ಭೇದಿಯಲ್ಲಿ ಮಲ ಕರುಳಿಂದ ಬೇಗ ಇಳಿದುಬಿಡುವುದರಿಂದ ಕಿಣ್ವದ ಅಂಶ ಇನ್ನೂ ಹೆಚ್ಚು. ಅದಕ್ಕೇ ಉಚ್ಚೆಯ ಡೈಪರ್ ಅರ್ಧ ಗಂಟೆ ತಡವಾದರೂ ನಡೆದೀತು, ಕಕ್ಕದ್ದು ಹತ್ತು ನಿಮಿಷವೂ ಇರಬಾರದು.

ಪ್ರತಿ ಸಲ ಬದಲಿಸುವಾಗ ಮಾಡಬೇಕಾದ್ದು: ಕೈ ಸೋಪು ಹಚ್ಚಿ ತೊಳೆಯಿರಿ. ಚರ್ಮ ಸುಲಿದಿರುವಾಗ ವೈಪ್ಸ್ ಬೇಡ, ಅದರಲ್ಲಿರುವ ಸುಗಂಧ, ಸಂರಕ್ಷಕಗಳು ಉರಿಸುತ್ತವೆ. ಮಗ್ಗಿನಲ್ಲಿ ಉಗುರುಬೆಚ್ಚಗಿನ ನೀರು ತಗೊಂಡು ಮೇಲಿಂದ ಸುರಿಯಿರಿ, ಅಂಟಿದ್ದನ್ನು ಒದ್ದೆ ಹತ್ತಿಯಿಂದ ಒತ್ತಿ ತೆಗೆಯಿರಿ. ಹೆಣ್ಣು ಮಗು, ಆದ್ದರಿಂದ ಯಾವಾಗಲೂ ಮುಂದಿನಿಂದ ಹಿಂದಕ್ಕೆ. ದಿನಕ್ಕೆ ಒಂದು ಸಲ ಮಾತ್ರ ಸುಗಂಧವಿಲ್ಲದ ಮೃದು ಕ್ಲೆನ್ಸರ್ ಸಾಕು, ಪ್ರತಿ ಸಲ ಸೋಪು ಹಾಕಿದರೆ ಕ್ಷಾರ ಇನ್ನಷ್ಟು ಏರುತ್ತೆ. ಸ್ನಾನಕ್ಕೆ ಕಡಲೆಹಿಟ್ಟು, ಹೆಸರುಹಿಟ್ಟು ಹಚ್ಚುವ ರೂಢಿ ಇದ್ದರೆ ವಾಸಿಯಾಗುವವರೆಗೆ ಆ ಭಾಗಕ್ಕೆ ಮುಟ್ಟಿಸಬೇಡಿ. ತೊಳೆದ ಮೇಲೆ ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಉಜ್ಜಬಾರದು. ತೊಡೆ ಅಗಲಿಸಿ ಸಂದಿಯನ್ನೂ ಒಣಗಿಸಿ. ಆಮೇಲೆ 10–15 ನಿಮಿಷ ರಬ್ಬರ್ ಶೀಟ್ ಮೇಲೆ ಒಣ ಬಟ್ಟೆ ಹಾಸಿ ಬರಿಮೈಯಲ್ಲಿ ಬಿಡಿ, ದಿನಕ್ಕೆ ಮೂರು ನಾಲ್ಕು ಸಲ. ಹೇರ್ ಡ್ರೈಯರ್ ಹಿಡಿಯಬೇಡಿ, ಎಳೇ ಚರ್ಮ ಸುಡುತ್ತೆ.

ಪೌಡರ್ ವಿಷಯ: ತೇವಕ್ಕೆ ಅದು ಉಂಡೆಗಟ್ಟಿ ಸಂದಿಯಲ್ಲಿ ಕೂತು ಇನ್ನಷ್ಟು ಕೊರೆಯುತ್ತೆ. ಟಾಲ್ಕಮ್ ಆಗಲಿ, ಮೆಕ್ಕೆಜೋಳದ ಹಿಟ್ಟಿನದಾಗಲಿ, ಮಗು ಉಸಿರಿನಲ್ಲಿ ಎಳೆದುಕೊಂಡರೆ ಶ್ವಾಸಕೋಶಕ್ಕೆ ಅಪಾಯ. ಬೋರಿಕ್ ಪೌಡರ್ ಅಂತೂ ಮನೆಯಲ್ಲಿ ಇಡಲೇಬೇಡಿ. ಸುಲಿದ ಚರ್ಮದ ಮೂಲಕ ರಕ್ತಕ್ಕೆ ಸೇರಿ ವಿಷವಾಗುತ್ತೆ. ಅಡುಗೆ ಸೋಡಾ ಹಾಕಿದ ನೀರಲ್ಲಿ ಕೂರಿಸಿ ಅಂತ ಹೇಳುವವರಿದ್ದಾರೆ, ಅದೂ ಬೇಡ.

ಔಷಧಿ ಚೀಟಿ:

ಫಾರ್ಮಸಿ ಕಡೆಯಿಂದ ಆ ಟ್ಯೂಬಿನ ವಿಚಾರ ಹೇಳ್ತೇನೆ. ಮೂರು ಹೆಸರಿನಲ್ಲಿ ನಿಮ್ಮ ಮಗುವಿಗೆ ಬೇಕಾಗಿರಬಹುದಾದ್ದು ಫಂಗಸ್ ಕೊಲ್ಲುವ ಕ್ಲೋಟ್ರಿಮಝೋಲ್ ಒಂದೇ. ಬೆಕ್ಲೋಮೆಥಸೋನ್ ಸ್ಟೀರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತೆ, ಎಲ್ಲರೂ ವಾಸಿಯಾಯ್ತು ಅಂದ್ಕೊಳ್ತಾರೆ, ಅಡಿಯಲ್ಲಿ ಫಂಗಸ್ ಹಾಗೇ ಇರುತ್ತೆ, ನಿಲ್ಲಿಸಿದ ಕೂಡಲೇ ದುಪ್ಪಟ್ಟಾಗಿ ಏಳುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಏನಂದರೆ ಡೈಪರ್ ಒಳಗೆ ಗಾಳಿ ಆಡೋದಿಲ್ಲ, ಆ ಬೆಚ್ಚಗಿನ ತೇವದಲ್ಲಿ ಸ್ಟೀರಾಯ್ಡ್ ಚರ್ಮಕ್ಕೆ ಇಳಿಯುವ ಪ್ರಮಾಣ ಬಹಳ ಹೆಚ್ಚು. ವಾರಗಟ್ಟಲೆ ಹಚ್ಚಿದರೆ ಚರ್ಮ ಕಾಗದದಷ್ಟು ತೆಳ್ಳಗಾಗುತ್ತೆ, ಸಂದಿಯಲ್ಲಿ ಗೆರೆ ಬೀಳುತ್ತೆ, ಕೆಂಪು ಗಂಟುಗಳೂ ಏಳಬಹುದು. ಬಲವಾದ ಸ್ಟೀರಾಯ್ಡ್ ಆದರೆ ರಕ್ತಕ್ಕೆ ಸೇರಿ ಮಗುವಿನ ಸ್ವಂತ ಹಾರ್ಮೋನು, ಬೆಳವಣಿಗೆಗೂ ಪೆಟ್ಟು. ನಿಯೋಮೈಸಿನ್ ಆಂಟಿಬಯಾಟಿಕ್, ಅದು ಸ್ವತಃ ಅಲರ್ಜಿ ಎಬ್ಬಿಸುವುದರಲ್ಲಿ ಹೆಸರಾದದ್ದು.

ಟ್ಯೂಬ್ ಕೊಳ್ಳುವಾಗ ಹೆಸರು ಓದಿ: ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್ ಯಾವುದಿದ್ದರೂ ಅದು ಡೈಪರ್ ಜಾಗಕ್ಕೆ ಸ್ವಂತ ನಿರ್ಧಾರದಲ್ಲಿ ಹಚ್ಚುವ ಔಷಧಿ ಅಲ್ಲ. ಡಬ್ಬಿಯ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ಕೊಡಲೇಬಾರದು. ಉರಿಯೂತ ತುಂಬ ಜಾಸ್ತಿ ಇದ್ದರೆ ಡಾಕ್ಟರುಗಳು ಹೈಡ್ರೋಕಾರ್ಟಿಸೋನ್ 1% ಅನ್ನು ಕೆಲವೇ ದಿನಕ್ಕೆ ಬರೆಯೋದುಂಟು, ಅದು ಬಹಳ ಸೌಮ್ಯ, ಅದಕ್ಕೂ ನೋಡಿಕೊಳ್ಳುವವರು ಬೇಕು.

ಕ್ಯಾಂಡಿಡಾ ಅಂತ ಡಾಕ್ಟರ್ ಖಚಿತ ಮಾಡಿದರೆ ಕ್ಲೋಟ್ರಿಮಝೋಲ್ 1% ಒಂದೇ ಇರುವ ಕ್ರೀಮ್ ಕೇಳಿ. ಪೌಡರ್ ರೂಪದ್ದು ಬೇಡ. ತೊಳೆದು ಒಣಗಿಸಿದ ಮೇಲೆ ದಿನಕ್ಕೆ ಎರಡು ಸಲ, ಬಟಾಣಿ ಕಾಳಿನಷ್ಟು ತಗೊಂಡು ತೆಳ್ಳಗೆ, ಸಂದಿಯೊಳಗೂ, ಗುಳ್ಳೆ ಇರುವ ಅಂಚಿನಾಚೆ ಒಂದು ಬೆರಳಗಲವೂ ಹಚ್ಚಿ. ಐದು ನಿಮಿಷ ಬಿಟ್ಟು ಅದರ ಮೇಲೆ ಝಿಂಕ್ ಆಕ್ಸೈಡ್ ದಪ್ಪಗೆ. ಈ ಕ್ರಮ ತಿರುಗಿಸಿದರೆ ಔಷಧಿ ಚರ್ಮಕ್ಕೆ ತಲುಪೋದೇ ಇಲ್ಲ, ಎಷ್ಟೋ ಜನರಿಗೆ ಕ್ಲೋಟ್ರಿಮಝೋಲ್ ಕೆಲಸ ಮಾಡಿಲ್ಲ ಅನ್ನಿಸೋದಕ್ಕೆ ಇದೇ ಕಾರಣ. ಇನ್ನೊಂದು ಕಾರಣ ಮೂರನೇ ದಿನಕ್ಕೆ ಬಣ್ಣ ಇಳೀತು ಅಂತ ನಿಲ್ಲಿಸಿಬಿಡೋದು. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಹೇಳ್ತಾರೆ, ಪೂರ್ತಿ ಮಾಡಿ.

ಝಿಂಕ್ ಆಕ್ಸೈಡ್ ಬಗ್ಗೆ: ದಿನನಿತ್ಯದ ರಕ್ಷಣೆಗೆ 10%ರ ಆಸುಪಾಸಿನದು ಸಾಕು, ರ‍್ಯಾಶ್ ಎದ್ದಾಗ 20%ರಿಂದ 40%ರವರೆಗಿನ ಗಟ್ಟಿ ಪೇಸ್ಟ್ ಒಳ್ಳೇದು. ಟ್ಯೂಬಿನ ಹಿಂಬದಿಯಲ್ಲಿ ಶೇಕಡಾವಾರು ಬರೆದಿರುತ್ತೆ. ಗೋಡೆಗೆ ಸುಣ್ಣ ಬಳಿದ ಹಾಗೆ ಕೆಳಗಿನ ಚರ್ಮ ಕಾಣದಷ್ಟು ಬಳಿಯಬೇಕು. ಕೈಗೆ ಹಚ್ಚುವ ಲೋಷನ್ನಿನಂತೆ ತಿಕ್ಕಿ ಇಳಿಸಿದರೆ ಪ್ರಯೋಜನವಿಲ್ಲ, ಇದು ಒಳಗೆ ಇಳಿಯಬೇಕಾದ್ದಲ್ಲ, ಮೇಲೆ ನಿಂತು ಮಲವನ್ನು ತಡೆಯಬೇಕಾದ್ದು. ಝಿಂಕ್ ಸಿಗದಿದ್ದರೆ ಬರೀ ಪೆಟ್ರೋಲಿಯಂ ಜೆಲ್ಲಿ, ಅದೇ ದಪ್ಪಕ್ಕೆ. ಕ್ಯಾಲಮೈನ್ ಲೋಷನ್‌ನಲ್ಲೂ ಝಿಂಕ್ ಇದೆ, ಆದರೆ ಅದು ಒಣಗಿ ಪುಡಿಪುಡಿಯಾಗಿ ಉದುರುತ್ತೆ, ತಡೆಯಾಗಿ ನಿಲ್ಲೋದಿಲ್ಲ. ಕೊಬ್ಬರಿ ಎಣ್ಣೆ ಚೆನ್ನಾಗಿರುವ ಚರ್ಮಕ್ಕೆ ಸರಿ, ಭೇದಿ ಇರುವಾಗ ಒಂದೇ ಸಲಕ್ಕೆ ತೊಳೆದುಹೋಗುತ್ತೆ. ಡಬ್ಬಿಯಲ್ಲಿ ಬರುವ ಕ್ರೀಮಾದರೆ ಬೆರಳು ಅದ್ದಬೇಡಿ, ಒಣಗಿದ ಚಮಚದಿಂದ ತೆಗೆಯಿರಿ. ಕಕ್ಕ ಮುಟ್ಟಿದ ಬೆರಳು ಒಂದು ಸಲ ಅದ್ದಿದರೆ ಇಡೀ ಡಬ್ಬಿ ಕೆಟ್ಟಂತೆ.

ಮಳೆಗಾಲದ ಮನೆ:

ಬಟ್ಟೆಯಾ ಡೈಪರ್‌ಆ ಅನ್ನೋ ಪ್ರಶ್ನೆಗೆ ಬರ್ತೇನೆ. ಬಟ್ಟೆಯೇ ಯಾವಾಗಲೂ ಒಳ್ಳೇದು ಅಂತ ನಮ್ಮ ಕಡೆ ಹೇಳೋದು ರೂಢಿ. ಆದರೆ ಆಷಾಢದಲ್ಲಿ ಅರ್ಧ ಒಣಗಿದ ಲಂಗೋಟಿಗಿಂತ ಒಳ್ಳೆಯ ಡೈಪರ್ ವಾಸಿ ಅಂತಲೇ ನನ್ನ ಅಭಿಪ್ರಾಯ. ಡೈಪರ್ ಒಳಗಿರುವ ಹರಳು ಉಚ್ಚೆಯನ್ನು ಜೆಲ್ ಮಾಡಿ ಹಿಡಿದಿಟ್ಟುಕೊಳ್ಳುತ್ತೆ, ಮೇಲ್ಪದರ ಸುಮಾರಾಗಿ ಒಣಗಿರುತ್ತೆ. ಲಂಗೋಟಿ ಒದ್ದೆಯಾದ ಕ್ಷಣದಿಂದ ಚರ್ಮಕ್ಕೆ ಅಂಟಿಯೇ ಇರುತ್ತೆ. ಆದ್ದರಿಂದ ವಾಸಿಯಾಗುವವರೆಗೆ ಡೈಪರ್ ಹಾಕಿ, ಎಚ್ಚರ ಇರುವ ಹೊತ್ತಿನಲ್ಲಿ ಬರಿಮೈ ಬಿಡಿ. ಉಚ್ಚೆಗೆ ಎರಡರಿಂದ ಮೂರು ಗಂಟೆಗೊಮ್ಮೆ ಬದಲಾಯಿಸಿ, ಕಕ್ಕಕ್ಕೆ ಆ ಕ್ಷಣವೇ. ಹನ್ನೆರಡು ಗಂಟೆ ತಡೆಯುತ್ತೆ ಅಂತ ಪ್ಯಾಕೆಟ್ ಮೇಲೆ ಬರೆದಿರೋದು ಸೋರೋದಿಲ್ಲ ಅನ್ನುವ ಮಾತು, ಚರ್ಮಕ್ಕೆ ಏನೂ ಆಗೋದಿಲ್ಲ ಅಂತ ಅಲ್ಲ. ರಾತ್ರಿ ಹಾಲಿಗೆ ಎದ್ದಾಗ ಒಂದು ಸಲ ಬದಲಿಸಿಬಿಡಿ.

ಅಳತೆ ನೋಡಿ. ತೂಕದ ಪಟ್ಟಿ ಕಂಪನಿಯಿಂದ ಕಂಪನಿಗೆ ಬೇರೆ, 7.8 ಕೆಜಿ ಮಗು ಹಲವು ಪ್ಯಾಕೆಟ್‌ಗಳಲ್ಲಿ ಎಸ್ ಮತ್ತು ಎಂ ನಡುವಿನ ಗಡಿಯಲ್ಲಿರುತ್ತೆ. ಹಾಗಿರುವಾಗ ದೊಡ್ಡದನ್ನೇ ಆರಿಸಿ. ಸೊಂಟದಲ್ಲಿ ಎರಡು ಬೆರಳು ಸಲೀಸಾಗಿ ಹೋಗಬೇಕು, ತೊಡೆಯ ಇಲಾಸ್ಟಿಕ್ ಬಿಚ್ಚಿದ ಮೇಲೆ ಕೆಂಪು ಗೆರೆ ಉಳಿಯಬಾರದು. ಬಿಗಿ ಇದ್ದರೆ ಸರಿಯಾಗಿ ಸಂದಿಯಲ್ಲೇ ಉಜ್ಜುತ್ತೆ.

ಲಂಗೋಟಿ ಬಿಡೋದು ಬೇಡ, ಒಗೆಯುವ ಕ್ರಮ ಸರಿಯಾಗಬೇಕು ಅಷ್ಟೆ. ರ‍್ಯಾಶ್ ಮರುಕಳಿಸುವ ಮನೆಗಳಲ್ಲಿ ತಪ್ಪು ಹೆಚ್ಚಾಗಿ ಇಲ್ಲೇ ಆಗೋದು. ಉಚ್ಚೆ ಬಟ್ಟೆಗಳನ್ನು ಬಕೆಟ್‌ಗೆ ಹಾಕಿ ಸಂಜೆವರೆಗೆ ಬಿಟ್ಟರೆ ಅದೇ ಅಮೋನಿಯಾ ಬಟ್ಟೆಯ ಎಳೆಗೆ ಹತ್ತುತ್ತೆ, ಒಗೆದು ಒಣಗಿಸಿದ ಮೇಲೂ ಮತ್ತೆ ಒದ್ದೆಯಾದ ಕೂಡಲೇ ಘಾಟು ಬರುತ್ತೆ. ಆ ಘಾಟು ಬಂದರೆ ಬಟ್ಟೆ ಸ್ವಚ್ಛವಾಗಿಲ್ಲ ಅಂತಲೇ ಲೆಕ್ಕ. ಬಿಚ್ಚಿದ ಕೂಡಲೇ ನಲ್ಲಿ ಕೆಳಗೆ ಹಿಂಡಿ ಇಡಿ. ಒಗೆಯುವಾಗ ಸೋಪಿನ ಪುಡಿ ಕಡಿಮೆ, ಜಾಲಿಸುವ ನೀರು ಜಾಸ್ತಿ: ಕೊನೆಯ ನೀರಲ್ಲಿ ನೊರೆಯೂ ಜಾರಿಕೆಯೂ ಇರಬಾರದು. ಸಾಮಾನ್ಯವಾಗಿ ಮೂರು ನೀರು ಬೇಕಾಗುತ್ತೆ. ಫ್ಯಾಬ್ರಿಕ್ ಕಂಡೀಷನರ್ ಬೇಡ, ಅದು ಎಳೆಯ ಮೇಲೆ ಪದರ ಕಟ್ಟಿ ಬಟ್ಟೆ ನೀರು ಹೀರದ ಹಾಗೆ ಮಾಡುತ್ತೆ, ಸುಗಂಧ ಬೇರೆ. ಫಂಗಸ್ ಇರುವಷ್ಟು ದಿನ ಒಗೆದ ಲಂಗೋಟಿಗಳನ್ನು ಹತ್ತು ನಿಮಿಷ ಕುದಿಸಿ.

ಒಣಗಿಸೋದಕ್ಕೆ ಬಿಸಿಲಿಲ್ಲ ಅಂದರೆ ಬಚ್ಚಲೊಲೆ ಹತ್ತಿರ ಹಗ್ಗ ಕಟ್ಟೋದು ಮಲೆನಾಡಲ್ಲಿ ಎಲ್ಲರೂ ಮಾಡ್ತಾರೆ. ಹೊಗೆ ನೇರವಾಗಿ ತಾಗದಷ್ಟು ದೂರ ಕಟ್ಟಿ. ಆಮೇಲೆ ಪ್ರತಿಯೊಂದನ್ನೂ ಎರಡೂ ಬದಿ ಬಿಸಿ ಇಸ್ತ್ರಿ ಹೊಡೆಯಿರಿ, ಮಡಿಕೆ ಮತ್ತು ಹೊಲಿಗೆ ಇರುವ ಕಡೆ ಎರಡು ಸಲ. ಒಣಗಿದೆಯಾ ಅಂತ ಅಂಗೈಯಲ್ಲಿ ನೋಡಿದರೆ ಗೊತ್ತಾಗೋದಿಲ್ಲ, ಇಸ್ತ್ರಿ ಆರಿದ ಮೇಲೆ ಹೊಲಿಗೆಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗೆನಿಸಿದರೆ ಇನ್ನೂ ತೇವ ಇದೆ. ಹಳೇ ಹತ್ತಿ ಸೀರೆ, ಪಂಚೆಯ ಒಂಟಿ ಪದರದ ತುಂಡುಗಳು ಬೇಗ ಒಣಗುತ್ತವೆ. ನಾಲ್ಕು ಪದರ ಹೊಲಿದ ದಪ್ಪ ಲಂಗೋಟಿ ಮಳೆಗಾಲಕ್ಕಲ್ಲ. ಮತ್ತೆ ಲಂಗೋಟಿ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಬೇಡಿ.

ತುಂಗಾತೀರ:

ತುಂಬ ಉಪಕಾರ. ಟ್ಯೂಬ್ ವಾಪಸ್ ಕೊಡ್ತೇನೆ. ಇನ್ನೂ ಕೆಲವು ಕೇಳೋದಿದೆ. ಝಿಂಕ್ ಪೇಸ್ಟ್ ಅಷ್ಟು ದಪ್ಪ ಹಚ್ಚಿದರೆ ಪ್ರತಿ ಸಲ ತೆಗೆಯೋದು ಹೇಗೆ, ಉಜ್ಜದೆ ಹೋಗೋದೇ ಇಲ್ಲವಲ್ಲ? ನಮ್ಮ ಅತ್ತೆ ಇದು ಉಷ್ಣ, ರಾಗಿ ಮಣ್ಣಿ ನಿಲ್ಲಿಸು ಅಂತಾರೆ, ನಿಲ್ಲಿಸಬೇಕಾ? ಸ್ನಾನದ ನೀರಿಗೆ ಆಂಟಿಸೆಪ್ಟಿಕ್ ಎರಡು ಹನಿ ಹಾಕಬಹುದಾ?

ಮಕ್ಕಳವಾರ್ಡ್ ಸಿಸ್ಟರ್:

ಪೇಸ್ಟನ್ನು ಪ್ರತಿ ಸಲ ಪೂರ್ತಿ ತೆಗೆಯಲೇಬಾರದು. ಉಚ್ಚೆ ಮಾತ್ರ ಆಗಿದ್ದರೆ ಇದ್ದ ಪದರದ ಮೇಲೇ ಇನ್ನಷ್ಟು ಬಳಿಯಿರಿ. ಕಕ್ಕ ಆಗಿದ್ದರೆ ಮೇಲಿನ ಕೊಳೆಯಾದ ಪದರ ಮಾತ್ರ ನೀರಿನಿಂದ ತೆಗೆದು, ಕೆಳಗೆ ಬೆಳ್ಳಗೆ ಉಳಿದದ್ದನ್ನು ಹಾಗೇ ಬಿಟ್ಟು ಅದರ ಮೇಲೆ ಹಚ್ಚಿ. ದಿನಕ್ಕೆ ಎರಡು ಸಲ, ಕ್ಲೋಟ್ರಿಮಝೋಲ್ ಹಚ್ಚುವ ಮೊದಲು ಪೂರ್ತಿ ತೆಗೆಯಬೇಕಲ್ಲ, ಆಗ ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಪೇಸ್ಟ್ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಎಣ್ಣೆಯಲ್ಲಿ ಕರಗಿ ಜಾರಿಬರುತ್ತೆ. ನಿಮ್ಮ ಎಣ್ಣೆ ಇಲ್ಲಿ ಉಪಯೋಗಕ್ಕೆ ಬರ್ತದೆ. ಲಂಗೋಟಿ ಹಾಕುವ ಹೊತ್ತಿನಲ್ಲಿ ಒಳಗೆ ಒಂದು ತೆಳು ಬಟ್ಟೆ ತುಂಡು ಹಾಕಿ, ಇಲ್ಲದಿದ್ದರೆ ಪೇಸ್ಟ್ ಲಂಗೋಟಿಗೆ ಮೆತ್ತಿ ಅದು ನೀರು ಹೀರೋದಿಲ್ಲ.

ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ: ರಾಗಿಯಿಂದ ಇದು ಬಂದಿಲ್ಲ. ಗಟ್ಟಿ ಆಹಾರ ಶುರುವಾದ ಮೇಲೆ ಮಲದ ಸ್ವರೂಪ ಬದಲಾಗುತ್ತೆ, 9ರಿಂದ 12 ತಿಂಗಳ ನಡುವೆ ರ‍್ಯಾಶ್ ಹೆಚ್ಚು ಕಾಣೋದು ಅದಕ್ಕೇ. ಆದರೆ ಭೇದಿ ಇರುವಾಗ ಊಟ ಕಡಿಮೆ ಮಾಡಿದರೆ ಮಗು ಸೊರಗುತ್ತೆ, ಚರ್ಮ ವಾಸಿಯಾಗೋದೂ ನಿಧಾನ. ಎದೆಹಾಲು, ಮಣ್ಣಿ, ಬೇಳೆ ಕಟ್ಟಿನ ಅನ್ನ ಎಲ್ಲ ಮುಂದುವರಿಸಿ. ಮೂಸಂಬಿ, ಕಿತ್ತಳೆ ರಸ ಕೊಡ್ತಿದ್ದರೆ ಅದನ್ನು ನಿಲ್ಲಿಸಿ, ಒಂದು ವರ್ಷದೊಳಗೆ ಹಣ್ಣಿನ ರಸ ಹೇಗೂ ಬೇಡ.

ಭೇದಿಯನ್ನೇ ಗಮನಿಸದೆ ಕ್ರೀಮ್ ಹಚ್ಚುತ್ತಾ ಹೋದರೆ ಸಾಲದು. ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ತೆಳ್ಳಗಾದರೆ ಪ್ರತಿ ಸಲಕ್ಕೆ 50ರಿಂದ 100 ಮಿ.ಲೀ. ಓಆರ್‌ಎಸ್, ಚಮಚದಲ್ಲಿ ನಿಧಾನಕ್ಕೆ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಇಡೀ ಪ್ಯಾಕೆಟ್ ಕಲಸಿ, ಅರ್ಧರ್ಧ ಮಾಡಬೇಡಿ. ಜೊತೆಗೆ ಹೊಟ್ಟೆಗೆ ಝಿಂಕ್: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, 14 ದಿನ, ಭೇದಿ ನಿಂತರೂ ಪೂರ್ತಿ. ಒಂದು ಚಮಚ ಎದೆಹಾಲಲ್ಲಿ ಮಾತ್ರೆ ಕರಗುತ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ ಎರಡನ್ನೂ ಕೇಳಿ. ಕಿವಿಯ ಆಂಟಿಬಯಾಟಿಕ್ ನೀವಾಗಿ ನಿಲ್ಲಿಸಬೇಡಿ. ಭೇದಿ ಆಗ್ತಿದೆ ಅಂತ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಬದಲಿಸೋದೋ ಮುಂದುವರಿಸೋದೋ ಅವರು ಹೇಳಲಿ.

ಆಂಟಿಸೆಪ್ಟಿಕ್ ಒಂದು ಹನಿಯೂ ಬೇಡ, ಸುಲಿದ ಚರ್ಮಕ್ಕೆ ಅದು ಉರಿಯೇ ಹೊರತು ಔಷಧಿಯಲ್ಲ. ಬರೀ ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಕೂರಿಸಿದರೆ ಅವಳಿಗೇ ಹಾಯೆನಿಸುತ್ತೆ.

ಚರ್ಮಚಿಕಿತ್ಸೆ:

ಮೇಲಿನ ಆರೈಕೆ ಎಲ್ಲ ಸರಿ. ಡೈಪರ್ ಜಾಗದಲ್ಲಿ ಕಂಡದ್ದೆಲ್ಲ ಡೈಪರ್ ರ‍್ಯಾಶ್ ಅಲ್ಲ ಅನ್ನೋದನ್ನು ಮಾತ್ರ ಸೇರಿಸಬೇಕು, ಏಕೆಂದರೆ ವಾರಗಟ್ಟಲೆ ಕ್ರೀಮ್ ಬದಲಿಸುತ್ತಾ ಕೂರುವ ಮನೆಗಳಲ್ಲಿ ತಪ್ಪಿಹೋಗೋದು ಇದೇ.

ಗುದದ್ವಾರದ ಸುತ್ತ ಮಾತ್ರ, ಗೆರೆ ಎಳೆದಂಥ ಅಂಚಿನ ಕಡುಕೆಂಪು, ಮಗು ಕಕ್ಕ ಮಾಡಲು ಹೆದರಿ ತಡೆಹಿಡಿಯುತ್ತೆ, ಮಲದ ಮೇಲೆ ರಕ್ತದ ಗೆರೆ: ಇದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು. ಸ್ವಾಬ್ ತೆಗೆದು ನೋಡುತ್ತಾರೆ, ಹೊಟ್ಟೆಗೆ ಆಂಟಿಬಯಾಟಿಕ್ ಬೇಕು, ಝಿಂಕ್ ಪೇಸ್ಟಿನಿಂದ ಹೋಗದು. ನೀರು ತುಂಬಿದ ದೊಡ್ಡ ಗುಳ್ಳೆ, ಜೇನಿನ ಬಣ್ಣದ ಹಕ್ಕಳೆ, ಕೀವು ಇದ್ದರೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಸೋಂಕು ಇರಬಹುದು, ಅದೇ ದಿನ ತೋರಿಸಿ. ಬಾಯಿಯ ಸುತ್ತ, ಕೈಕಾಲು ಬೆರಳ ತುದಿಯಲ್ಲಿ, ಡೈಪರ್ ಜಾಗದಲ್ಲಿ ಮೂರೂ ಕಡೆ ಒಟ್ಟಿಗೆ ಸುಲಿದು, ಭೇದಿ ನಿಲ್ಲದೆ, ಕೂದಲು ಉದುರುತ್ತಾ ತೂಕ ಏರದಿದ್ದರೆ ದೇಹದಲ್ಲೇ ಝಿಂಕ್ ಕೊರತೆ ಇರಬಹುದು. ಇದು ಅಪರೂಪ, ಆದರೆ ಗುರುತಿಸಿ ಹೊಟ್ಟೆಗೆ ಝಿಂಕ್ ಕೊಟ್ಟರೆ ಬೇಗ ಸುಧಾರಿಸುತ್ತೆ. ಮನೆಯಲ್ಲಿ ಬೇರೆಯವರಿಗೂ ರಾತ್ರಿ ತುರಿಕೆ, ಮಗುವಿನ ಅಂಗೈ ಅಂಗಾಲಲ್ಲೂ ಗುಳ್ಳೆ ಇದ್ದರೆ ಕಜ್ಜಿ, ಇಡೀ ಮನೆಯವರಿಗೆ ಚಿಕಿತ್ಸೆ.

ನಿಮ್ಮ ಮಗುವಿಗೆ ಈಗ ಕಾಣೋದು ಕ್ಯಾಂಡಿಡಾ ಚಿತ್ರವೇ. ಕ್ಲೋಟ್ರಿಮಝೋಲ್ ಶುರುಮಾಡಿ ಮೂರು ದಿನದಲ್ಲಿ ಅಂಚು ಹಿಂದೆ ಸರಿಯದಿದ್ದರೆ, ಹೊಸ ಗುಳ್ಳೆ ಏಳುತ್ತಲೇ ಇದ್ದರೆ ಮತ್ತೆ ತೋರಿಸಿ. ಜ್ವರ ಬಂದರೆ, ಚರ್ಮದಿಂದ ರಕ್ತ ಒಸರಿದರೆ, ಆರು ಗಂಟೆ ಉಚ್ಚೆಯೇ ಮಾಡದಿದ್ದರೆ, ಹಾಲು ಬಿಟ್ಟು ಮಂಕಾದರೆ ಕಾಯಬೇಡಿ. ಹೋಗುವಾಗ ಇದುವರೆಗೆ ಹಚ್ಚಿದ, ಕುಡಿಸಿದ ಎಲ್ಲ ಟ್ಯೂಬು, ಬಾಟಲಿ ಚೀಲದಲ್ಲಿ ಹಾಕಿಕೊಂಡು ಹೋಗಿ, ಮತ್ತು ಆ ದಿನ ಬೆಳಿಗ್ಗೆ ಝಿಂಕ್ ಪೇಸ್ಟ್ ಹಚ್ಚಬೇಡಿ. ಬಿಳಿ ಪದರದ ಕೆಳಗೆ ಅಂಚು, ಗುಳ್ಳೆ ಯಾವುದೂ ಡಾಕ್ಟರಿಗೆ ಕಾಣೋದಿಲ್ಲ.